ಒಣಗಿದ ಮೇಲೆ ಕಂಡ ಗೆರೆ

ನನ್ನ ತಂಗಿಯ ವಿಷಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಸರಿಯಾಗಿ ಮಾತ್ರ ಯಾರಿಗೂ ಗೊತ್ತಿಲ್ಲ. ನಲ್ಲಿಯ ಹತ್ತಿರ ಒಂದು ಕಥೆ, ಪಕ್ಕದ ಮನೆ ಟೈಲರಮ್ಮನ ಮಿಷನ್ ಮುಂದೆ ಇನ್ನೊಂದು ಕಥೆ. ಒಬ್ಬೊಬ್ಬರ ಹತ್ತಿರವೂ ಹೋಗಿ ಜಗಳ ಆಡಿ ನನ್ನ ಗಂಟಲು ಹೋಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಮುಟ್ಟು, ಬಸಿರು, ಗಂಡ ಹೆಂಡಿರ ವಿಷಯ ಇದೆಲ್ಲ ಗಂಡಸು ಬರೆಯುವುದಲ್ಲ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಅವರ ಮನೆಯ ಮಕ್ಕಳೇನು ಗಿಡದಲ್ಲಿ ಬಿಟ್ಟಿದ್ದಲ್ಲ.

ನಾನೂ ತಂಗಿಯೂ ಬಟ್ಟೆಗೆ ಬಣ್ಣ ಹಾಕುವ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ನನ್ನದು ಬಾಯ್ಲರ್. ಅವಳದು ಹಿಂದಿನ ಕೋಣೆ, ಉತ್ತರದ ಕಿಟಕಿಯ ಪಕ್ಕದ ಮೇಜು. ಗಿರಾಕಿ ಒಂದು ತುಂಡು ಬಟ್ಟೆ ತಂದು ಇದೇ ಬಣ್ಣ ಬೇಕು ಎನ್ನುತ್ತಾನೆ. ತೊಟ್ಟಿಯಿಂದ ಬಂದ ಬಟ್ಟೆ ಆ ತುಂಡಿಗೆ ಹೊಂದಿತೋ ಇಲ್ಲವೋ ಎಂದು ಹೇಳುವುದು ಅವಳ ಕೆಲಸ. ಎಲ್ಲರೂ ಒಂದೇ ಎನ್ನುವ ಎರಡು ಕಂದು ಬಣ್ಣಗಳಲ್ಲಿ ಅವಳು ಒಂದನ್ನು ಪಕ್ಕಕ್ಕೆ ತಳ್ಳಿ, "ಇದರಲ್ಲಿ ಕೆಂಪು ಜಾಸ್ತಿ" ಎನ್ನುತ್ತಾಳೆ. ಕಾರ್ಖಾನೆಯಲ್ಲಿ ಅವಳ ಹೆಸರು ಭೂತಗನ್ನಡಿ. ಅವಳಿಗೂ ಅದರ ಬಗ್ಗೆ ಬೇಜಾರಿಲ್ಲ.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇದೆ. ಒದ್ದೆ ಬಟ್ಟೆಯ ಬಣ್ಣ ನೋಡಿ ಏನೂ ಹೇಳಬಾರದು. ಒದ್ದೆಯಲ್ಲಿ ಎಲ್ಲ ಬಣ್ಣವೂ ಗಾಢವಾಗಿ, ಚೆನ್ನಾಗಿ ಕಾಣುತ್ತದೆ. ಒಣಗಬೇಕು, ಆಮೇಲೆ ಹಗಲು ಬೆಳಕಿಗೆ ಹಿಡಿಯಬೇಕು. ನನ್ನ ತಂಗಿ ಹದಿನೇಳನೇ ವಯಸ್ಸಿಗೆ ಸೇರಿದ ದಿನವೇ ಮೇಸ್ತ್ರಿ ಇದನ್ನು ಅವಳಿಗೆ ಕಲಿಸಿದರು. ಅವಳು ಕಲಿತಿದ್ದು ಎಷ್ಟು ಗಟ್ಟಿ ಎಂದರೆ, ಅದು ಕಾರ್ಖಾನೆಯ ಗೇಟು ದಾಟಿ ಮನೆಯವರೆಗೂ ಬಂತು. ಅಂಗಡಿಯ ದೀಪದ ಕೆಳಗೆ ಬಟ್ಟೆ ನೋಡಿ ಕೊಳ್ಳುವವಳಲ್ಲ. ಒಮ್ಮೆ ಮಗಳಿಗೆ ಸ್ವೆಟರ್ ಕೊಳ್ಳಲು ಹೋಗಿ, ಅದನ್ನು ಹಿಡಿದುಕೊಂಡು ಸೀದಾ ಬೀದಿಗೆ ಇಳಿದಳು. ಕಳ್ಳಿ ಎಂದುಕೊಂಡು ಅಂಗಡಿಯವನು ಹಿಂದೆ ಓಡಿ ಬಂದ. ಇವಳು ಬಿಸಿಲಿಗೆ ಹಿಡಿದು ನೋಡುತ್ತ, "ಸ್ವಲ್ಪ ಸುಮ್ನಿರಪ್ಪ, ನೆರಳು ಬೀಳ್ತಿದೆ, ಪಕ್ಕಕ್ಕೆ ನಿಂತ್ಕೋ" ಎಂದು ಅವನಿಗೇ ಹೇಳಿದಳು. ಮನೆಗೆ ಸುಣ್ಣ ಬಳಿಯುವವನು ಬಂದಾಗ ಒಂದು ಅಂಗೈ ಅಗಲ ಬಳಿಸಿ, ಅದು ಒಣಗುವವರೆಗೆ ಅವನನ್ನು ಮೆಟ್ಟಿಲ ಮೇಲೆ ಕೂರಿಸಿದ್ದಳು. ನಾವು ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದೆವು. ಈಗ ನಗು ಬರುವುದಿಲ್ಲ.

ಅವಳ ಗಂಡ ವ್ಯಾನ್ ಓಡಿಸುತ್ತಾನೆ. ನಮ್ಮ ಕಾರ್ಖಾನೆಯ ಬಟ್ಟೆಯನ್ನೇ ದೂರದ ಊರುಗಳಿಗೆ ಸಾಗಿಸುವ ಕೆಲಸ. ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಾನೆ. ಮೊದಲ ವರ್ಷವೇ ವ್ಯಾನನ್ನು ಹಿಂದಕ್ಕೆ ತೆಗೆಯಲು ಹೋಗಿ ಕಾರ್ಖಾನೆಯ ಗೋಡೆಯನ್ನು ಅರ್ಧ ಕೆಡವಿದ. ಅಂದಿನಿಂದ ಅವನ ಹೆಸರು ರಿವರ್ಸ್. ಕೆಟ್ಟವನು ಎಂದು ನಾನು ಹೇಳುವುದಿಲ್ಲ. ಕುಡಿಯುವುದಿಲ್ಲ, ಕೈ ಎತ್ತಿದವನಲ್ಲ, ಮಗಳನ್ನು ಕಂಡರೆ ಜೀವ. ಆದರೆ ಯಾರಾದರೂ ಏನಾದರೂ ವಿವರಿಸಿ ಹೇಳಲು ಹೊರಟರೆ ಅವನು ಮೊದಲ ಮಾತಿಗೇ ತಲೆಯಾಡಿಸಲು ಶುರು ಮಾಡುತ್ತಾನೆ. ಹೂಂ ಹೂಂ ಹೂಂ. ತಲೆ ಆಡುತ್ತಿರುತ್ತದೆ, ಒಳಗೆ ಏನೂ ಇಳಿಯುವುದಿಲ್ಲ.

ಮಗಳು ಹುಟ್ಟುವಾಗ ತಂಗಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂತು. ನಾನು ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಿಂತಿದ್ದೆ. ಒಳಗೆ ಕಬ್ಬಿಣದ ಮಂಚ ಗೋಡೆಗೆ ಬಡಿಯುವ ಸದ್ದು ಕೇಳುತ್ತಿತ್ತು. ಅದು ಅವಳ ಮೈ ಅದುರುತ್ತಿದ್ದ ಸದ್ದು ಎಂದು ಆಮೇಲೆ ತಿಳಿಯಿತು. ಇಬ್ಬರೂ ಉಳಿದರು. ಬಾಗಿಲ ಹತ್ತಿರ ಡಾಕ್ಟರಮ್ಮ ನನ್ನನ್ನೂ ರಿವರ್ಸನ್ನೂ ನಿಲ್ಲಿಸಿಕೊಂಡು, "ಇನ್ನೊಂದು ಬಸಿರು ಬೇಡ. ಮುಂದಿನ ಸಲ ಇಬ್ಬರನ್ನೂ ಉಳಿಸಿ ಕೊಡ್ತೀನಿ ಅಂತ ನಾನು ಹೇಳಲಾರೆ" ಎಂದರು. ರಿವರ್ಸ್ ತಲೆಯಾಡಿಸಿದ.

ತಂಗಿ ಕಾಪರ್-ಟಿ ಹಾಕಿಸಿಕೊಂಡಳು. ವರ್ಷಗಟ್ಟಲೆ ನಡೆಯಿತು. ಆಮೇಲೆ ರಕ್ತ ಹೋಗುವುದು ವಿಪರೀತವಾಗಿ ಅದನ್ನು ತೆಗೆಸಬೇಕಾಯಿತು. ಗಂಡನಿಗೆ ಆಪರೇಷನ್ ಮಾಡಿಸಿ, ಅದೇ ಸುಲಭ, ಎಂದರು ಡಾಕ್ಟರಮ್ಮ. ಇಲ್ಲಿಂದ ರಿವರ್ಸ್ ತನ್ನ ಹೆಸರಿಗೆ ತಕ್ಕ ಹಾಗೆ ನಡೆದುಕೊಂಡ. ಈ ವಾರ ಲೋಡ್ ಇದೆ. ಮುಂದಿನ ವಾರ ಬೆನ್ನು ನೋವು. ಆಮೇಲೆ, "ಭಾವ, ಸ್ಟೀರಿಂಗ್ ತಿರುಗಿಸೋನಿಗೆ ಶಕ್ತಿ ಬೇಡ್ವಾ?"

"ಸ್ಟೀರಿಂಗ್ ಏನು ಅದರಿಂದ ತಿರುಗಿಸ್ತೀಯೇನೋ?" ಎಂದೆ. ಲೋಡಿಂಗ್ ಮಾಡುತ್ತಿದ್ದವರೆಲ್ಲ ನಕ್ಕರು. ಆ ಅವಮಾನಕ್ಕೋ ಏನೋ, ಮುಂದಿನ ಸಲ ಬಂದಾಗ ಅವನೇ ನನ್ನ ಜೊತೆ ಹೊರಟ.

ನಮ್ಮ ಬಡಾವಣೆಯ ಕ್ಲಿನಿಕ್‌ನಲ್ಲಿ ಅರ್ಧ ಗಂಟೆಯ ಕೆಲಸ ಅದು. ಮುಗಿದ ಮೇಲೆ ಅಲ್ಲಿಯ ದೊಡ್ಡ ನರ್ಸ್ ಅವನನ್ನು ಕೂರಿಸಿಕೊಂಡು ತುಂಬ ಹೊತ್ತು ಏನೋ ಹೇಳಿದರು. ಅರ್ಧ ಬಾಗಿಲಿನ ಗಾಜಿನಲ್ಲಿ ನನಗೆ ಕಂಡಿದ್ದು ಅವನ ತಲೆ ಮಾತ್ರ. ಆಡುತ್ತಿತ್ತು. ಕೈಯಲ್ಲಿ ಒಂದು ಕವರ್ ಹಿಡಿದು ಹೊರಗೆ ಬಂದ.

"ಏನಂದ್ರು?"

"ಮುಗೀತು ಭಾವ. ಫ್ಯಾಕ್ಟರಿ ಬಂದ್."

ಎರಡು ದಿನ ಮಹಾರಾಜನ ಹಾಗೆ ಮಲಗಿ ಸೇವೆ ಮಾಡಿಸಿಕೊಂಡ. ವಾರ ಕಳೆದು ವ್ಯಾನ್ ಹತ್ತಿದ. ಆಮೇಲೆ ಎಂದಿನಂತೆ ಬಂದ, ಹೋದ, ಮತ್ತೆ ಬಂದ, ಹೋದ. ಗಂಡ ಹೆಂಡಿರು ಇನ್ನು ಯಾವ ಭಯವೂ ಇಲ್ಲವೆಂದು ಇದ್ದರು. ಅದರಲ್ಲಿ ತಪ್ಪೇನು? ಅವರಿಗೆ ತಿಳಿದಿದ್ದು ಅಷ್ಟು. ಅವನು ತಿಳಿಸಿದ್ದು ಅಷ್ಟು.

ಆಪರೇಷನ್ ಆಗಿ ಎರಡು ತಿಂಗಳ ಹತ್ತಿರ ಬಂದಾಗ ತಂಗಿಗೆ ಮುಟ್ಟು ನಿಂತಿತು. ಒಂದು ವಾರ ಸುಮ್ಮನಿದ್ದಳು. ನಲವತ್ತರ ಹತ್ತಿರ ಬಂದೆನಲ್ಲ, ಹೀಗೇ ಇರಬಹುದು ಎಂದುಕೊಂಡಳು. ಆಮೇಲೆ ತೊಟ್ಟಿಯ ಹಬೆಗೆ ಹೊಟ್ಟೆ ತೊಳೆಸಿತು. ಇಪ್ಪತ್ತೆರಡು ವರ್ಷ ಆ ಹಬೆಯಲ್ಲೇ ಬೆಂದವಳಿಗೆ, ಮಗಳು ಹೊಟ್ಟೆಯಲ್ಲಿದ್ದಾಗ ಬಿಟ್ಟರೆ, ಹೊಟ್ಟೆ ತೊಳೆಸಿದ್ದು ಅದೇ ಮೊದಲು. ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದಳು. ನನ್ನ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ನನಗೆ ಆ ಮಂಚ ಬಡಿಯುವ ಸದ್ದು ಕೇಳಿಸಿತು.

"ಆಪರೇಷನ್ ಆಗಿದೆಯಲ್ಲೇ?"

"ಆಗಿದೆ. ಆದ್ರೂ ಒಂದು ಸಲ ನೋಡಿಬಿಡೋಣ. ಮೆಡಿಕಲ್ ಶಾಪಲ್ಲಿ ಬಸಿರು ನೋಡೋ ಪಟ್ಟಿ ಸಿಗತ್ತೆ. ನೀವೇ ತನ್ನಿ. ನಾನು ಹೋದ್ರೆ ಟೈಲರಮ್ಮ ಇವತ್ತೇ ಕೂಸಿಗೆ ಅಂಗಿ ಹೊಲಿಯೋಕೆ ಕೂರ್ತಾಳೆ."

ಹೋದೆ. ಅಂಗಡಿಯವನು ನಾನು ಕೇಳಿದ್ದನ್ನು ಕೇಳಿ ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದ.

"ಯಾರಿಗೆ?"

"ನಿಮ್ಮಜ್ಜಿಗೆ! ಯಾರಿಗಾದ್ರೆ ನಿನಗೇನಯ್ಯ? ಕೆಮ್ಮಿನ ಔಷಧಿ ಕೇಳಿದ್ರೆ ಯಾರ ಕೆಮ್ಮು ಅಂತ ಕೇಳ್ತೀಯಾ?"

ಅವನು ಡಬ್ಬಿಯನ್ನು ಬಿಚ್ಚಿ, ಒಳಗಿನ ಪಟ್ಟಿಯನ್ನು ಮಾತ್ರ ತೆಗೆದು, ಕಳ್ಳ ಮಾಲಿನ ಹಾಗೆ ಪೇಪರ್‌ನಲ್ಲಿ ಸುತ್ತಿ ಕೊಟ್ಟ. ಡಬ್ಬಿ ಕಂಡರೆ ಮಾನ ಹೋಗುತ್ತದಂತೆ. ಡಬ್ಬಿಯ ಜೊತೆಗೆ, ಹೇಗೆ ನೋಡಬೇಕು ಎಂದು ಬರೆದ ಚೀಟಿಯೂ ಅವನ ಕಸದ ಬುಟ್ಟಿಗೆ ಹೋಯಿತು. ಅವನ ಮರ್ಯಾದೆಗೆ ಬೆಂಕಿ ಬೀಳಲಿ. "ಒಂದು ಗೆರೆ ಬಂದ್ರೆ ಇಲ್ಲ, ಎರಡು ಬಂದ್ರೆ ಇದೆ" ಎಂದು ಪಿಸುಗುಟ್ಟಿದ. ನಮಗೆ ಸಿಕ್ಕ ವಿದ್ಯೆ ಅಷ್ಟೇ.

ಮರುದಿನ ಬೆಳಿಗ್ಗೆ ಎದ್ದ ಕೂಡಲೇ ತಂಗಿ ಪರೀಕ್ಷೆ ಮಾಡಿಕೊಂಡಳು. ಸ್ವಲ್ಪ ಹೊತ್ತಿಗೆ ಒಂದು ಗೆರೆ ಬಂತು, ಕೆಂಪಗೆ. ನನ್ನ ಹೆಂಡತಿ, "ಒಂದೇ! ಅಬ್ಬಾ, ಬದುಕಿದೆವು!" ಎಂದು ಅವಳನ್ನು ಅಪ್ಪಿಕೊಂಡಳು. ಬೇರೆ ಯಾವ ಹೆಂಗಸಾದರೂ ಅಲ್ಲಿಗೆ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಆದರೆ ಇವಳು ಭೂತಗನ್ನಡಿ.

"ಇರಿ ಅತ್ತಿಗೆ. ಇನ್ನೂ ಒದ್ದೆ ಇದೆ."

ಪಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಳಿ ಬಟ್ಟೆಯ ತುಂಡು ಹಾಸಿ ಇಟ್ಟಳು. ಕೆಲಸಕ್ಕೆ ಹೋದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಂದು, ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ನಾನೂ ಜೊತೆಗೆ ಬಂದಿದ್ದೆ. ಅವಳು ತಲೆಯನ್ನು ಎಡಕ್ಕೆ ವಾಲಿಸಿ ನೋಡಿದಳು. ಯಾವುದೋ ಬಟ್ಟೆ ಕೆಟ್ಟಿದೆ ಎಂದು ಹೇಳುವ ಮೊದಲು ಅವಳು ಹಾಗೆ ಮಾಡುತ್ತಾಳೆ.

"ಇನ್ನೊಂದು ಗೆರೆ ಇದೆ," ಎಂದಳು.

"ಎಲ್ಲಿ?"

"ಇಲ್ಲಿ. ಬಣ್ಣ ಇಲ್ಲ. ಬಟ್ಟೆ ತೊಳೆದ ನೀರಿನ ಥರ ಬೂದು. ಆದ್ರೆ ಗೆರೆ ಇದೆ."

ನಾನು ನೋಡಿದೆ. ನನ್ನ ಹೆಂಡತಿ ನೋಡಿದಳು. ನಮಗೆ ಏನೂ ಕಾಣಲಿಲ್ಲ. ಆದರೆ ಅವಳ ಕಣ್ಣಿನ ಮುಂದೆ ನಮ್ಮ ಕಣ್ಣು ಯಾವ ಲೆಕ್ಕ? ಇಡೀ ಕಾರ್ಖಾನೆ ಅವಳ ಕಣ್ಣು ನಂಬಿ ನಡೆಯುತ್ತದೆ. ಅವಳು ಇದೆ ಎಂದ ಮೇಲೆ ಇದೆ. ಸ್ವಲ್ಪ ಹೊತ್ತಿಗೆ ನನಗೂ ಕಂಡ ಹಾಗಾಯಿತು.

ತಂಗಿ ಪಟ್ಟಿಯನ್ನು ಅದೇ ಬಿಳಿ ಬಟ್ಟೆಯಲ್ಲಿ ಸುತ್ತಿ ಬ್ಲೌಸಿನೊಳಗೆ ಇಟ್ಟುಕೊಂಡಳು. "ಅಣ್ಣಾ, ನನಗೇನಾದ್ರೂ ಆದ್ರೆ ಮಗಳನ್ನ ಓದಿಸ್ತೀಯಲ್ಲ?" ಎಂದಳು. ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. ಬೈಯದೆ ಇನ್ನೇನು ಮಾಡಬೇಕಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅವತ್ತು ಸಂಜೆಯೇ ರಿವರ್ಸ್ ಬಂದ. ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂರಿಸಿ, ಟೀ ಕೊಟ್ಟು, ನನ್ನ ಹೆಂಡತಿಯೇ ವಿಷಯ ಹೇಳಿದಳು. ತಂಗಿ ಸಿಂಕಿನ ಹತ್ತಿರ ನಿಂತಿದ್ದಳು. ಅವನು ಹೆದರುತ್ತಾನೆ ಎಂದುಕೊಂಡಿದ್ದೆ. ಡಾಕ್ಟರಮ್ಮ ಹೇಳಿದ ಮಾತು ಅವನಿಗೂ ನೆನಪಾಗುತ್ತದೆ ಎಂದುಕೊಂಡಿದ್ದೆ. ಅವನು ಟೀ ಲೋಟವನ್ನು ಸುತ್ತಲೂ ತಿರುಗಿಸಿದ. ಆಮೇಲೆ ಹೇಳಿದ.

"ನನಗೆ ಆಪರೇಷನ್ ಆಗಿದೆ."

"ಹೌದು, ಅದಕ್ಕೇ ಆಶ್ಚರ್ಯ," ಎಂದಳು ನನ್ನ ಹೆಂಡತಿ.

"ಹಾಗಾದ್ರೆ ಇದು ಯಾರದು?"

ತಂಗಿ ಸೆರಗಿಗೆ ಕೈ ಒರೆಸಿಕೊಂಡು ಇತ್ತ ತಿರುಗಿದಳು.

"ಇನ್ನೊಂದು ಸಲ ಹೇಳು."

"ಹೇಳೋದೇನಿದೆ? ದಿನವಿಡೀ ಆ ಕಾರ್ಖಾನೆಯಲ್ಲಿ ಗಂಡಸರ ನಡುವೆ ಇರ್ತೀಯ. ಮೇಸ್ತ್ರಿ ನಿನ್ನ ಕೋಣೆಗೆ ಬಂದು ಹೋಗಿ ಮಾಡ್ತಾನೆ..."

ಮೇಸ್ತ್ರಿಗೆ ಅರವತ್ತು ದಾಟಿದೆ. ಮೊಣಕಾಲು ಬಗ್ಗುವುದಿಲ್ಲ. ಕಿಟಕಿಯ ಹತ್ತಿರ ಬಣ್ಣ ತೋರಿಸಲು ಬರುವಾಗ ಅವರು ಗೋಡೆ ಹಿಡಿದು ಬರುತ್ತಾರೆ. ನನ್ನ ಕೈಯಲ್ಲಿದ್ದ ಲೋಟ ಎಲ್ಲಿಗೆ ಹೋಯಿತೋ, ನಾನು ಯಾವಾಗ ಎದ್ದೆನೋ ತಿಳಿಯದು. ಅವನ ಕಾಲರ್ ನನ್ನ ಮುಷ್ಟಿಯಲ್ಲಿತ್ತು. ಅವನ ಬೆನ್ನು ಗೋಡೆಗೆ ತಾಗಿತ್ತು.

"ಎರಡನೇ ಬಸಿರು ಅಂದ್ರೆ ಸಾವು ಅಂತ ಗೊತ್ತಿದ್ದೂ ಅವಳು ಹೋಗಿ ಬೇರೆಯವನ ಹತ್ತಿರ ಮಲಗ್ತಾಳೇನೋ? ಅವಳಿಗೆ ತಲೆ ಕೆಟ್ಟಿದೆಯಾ, ನಿನಗೆ ಕೆಟ್ಟಿದೆಯಾ?"

ನನ್ನ ಹೆಂಡತಿ ನನ್ನ ತೋಳು ಹಿಡಿದು ಜಗ್ಗುತ್ತಿದ್ದಳು. "ಬಿಡ್ರೀ! ಟೈಲರಮ್ಮನ ಮಿಷನ್ ನಿಂತಿದೆ, ಕೇಳಿಸ್ಕೊಳ್ತಿದ್ದಾಳೆ!" ನಿಜ, ಪಕ್ಕದ ಗೋಡೆಯಾಚೆ ಹೊಲಿಗೆ ಸದ್ದು ನಿಂತಿತ್ತು. ನಮ್ಮ ನಡುವೆ ಇರುವುದು ಗೋಡೆಯಲ್ಲ, ಗೋಣಿಚೀಲ.

"ಬಿಡು ಅಣ್ಣಾ," ಎಂದಳು ತಂಗಿ. ಅವಳ ದನಿ ಏರಲಿಲ್ಲ. "ಹೊಡೆದ್ರೆ ಇವನ ಮಾತು ವಾಪಸ್ ಹೋಗಲ್ಲ." ಆಮೇಲೆ ಅವನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಕ್ಲಿನಿಕ್‌ಗೆ ಬರಬೇಕು. ನಿನಗೆ ಆಪರೇಷನ್ ಮಾಡಿದ್ರಲ್ಲ, ಅಲ್ಲಿಗೇ. ನನ್ನ ಮುಂದೆ ಕೂತು ಇದೇ ಮಾತು ನರ್ಸ್ ಹತ್ತಿರ ಕೇಳಬೇಕು. ಇವತ್ತು ವ್ಯಾನಲ್ಲಿ ಮಲಕ್ಕೋ."

ಮರುದಿನ ಮೂವರೂ ಹೋದೆವು. ಮಧ್ಯೆ ನಾನು ಕೂತೆ. ದೊಡ್ಡ ನರ್ಸ್ ಎತ್ತರದ ಹೆಂಗಸು. ಶಾಲೆಯ ಗಂಟೆಯಂಥ ದನಿ. ಒಳಗೆ ಕರೆದು ಬಾಗಿಲು ಹಾಕಿದರು. ನನ್ನನ್ನು ನೋಡಿ, "ನೀವ್ಯಾರು?" ಎಂದರು.

"ಅಣ್ಣ."

"ಅಣ್ಣನಿಗೇನು ಕೆಲಸ ಇಲ್ಲಿ?"

"ಇರಲಿ ಮೇಡಂ," ಎಂದಳು ತಂಗಿ. "ಇಲ್ಲದಿದ್ರೆ ಹೊರಗೆ ನಿಂತು ಬಾಗಿಲು ಮುರೀತಾನೆ."

ನರ್ಸ್ ಮೊದಲು ಅವಳ ರಕ್ತದೊತ್ತಡ ನೋಡಿದರು. ಆಮೇಲೆ ಒಂದೊಂದೇ ಕೇಳಿದರು. ಕೊನೆಯ ಮುಟ್ಟು ಯಾವಾಗ? ಪ್ರತಿ ತಿಂಗಳೂ ಸರಿಯಾಗಿ ಬರುತ್ತಿತ್ತೇ? ಗಂಡನ ಜೊತೆ ಸೇರಿದ್ದು ಯಾವಾಗ, ಕೊನೆಯ ಸಲ ಯಾವಾಗ? ಏನಾದರೂ ಬಳಸಿದ್ದರೇ? ತಂಗಿ ಮುಚ್ಚುಮರೆಯಿಲ್ಲದೆ ಹೇಳಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತೆ. ಕೊನೆಯ ಸಲ ಸೇರಿ ಎರಡು ವಾರ ಆಗಿತ್ತು. ಏನೂ ಬಳಸಿರಲಿಲ್ಲ.

"ಯಾಕೆ ಬಳಸಲಿಲ್ಲ?"

ರಿವರ್ಸ್ ಎದೆ ಉಬ್ಬಿಸಿಕೊಂಡು, "ನನಗೆ ಆಪರೇಷನ್ ಆಗಿದೆ. ಇಲ್ಲೇ, ನೀವೇ ಇದ್ರಿ" ಎಂದ.

ನರ್ಸ್ ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಓ, ನೀನಾ. ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಮೂರು ತಿಂಗಳು ಬಿಟ್ಟು ವೀರ್ಯ ಪರೀಕ್ಷೆಗೆ ಬಾ, ಅಲ್ಲೀವರೆಗೂ ಕಾಂಡೋಮ್ ಬಿಡಬೇಡ ಅಂತ ಹೇಳಿರಲಿಲ್ವಾ? ಕವರ್ ತುಂಬ ಕೊಟ್ಟಿದ್ನಲ್ಲ, ಎಲ್ಲಿ?"

ಅವನ ತಲೆ ಮೊದಲ ಸಲ ಆಡುವುದನ್ನು ನಿಲ್ಲಿಸಿತು.

"ವ್ಯಾನಲ್ಲಿದೆ."

"ವ್ಯಾನಿಗ್ಯಾಕಪ್ಪ ಕಾಂಡೋಮು?"

ಬೇರೆ ಹೊತ್ತಾಗಿದ್ದರೆ ನಾನು ನಕ್ಕು ಸಾಯುತ್ತಿದ್ದೆ. ಅವತ್ತು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ.

"ಕೇಳು," ಎಂದರು ನರ್ಸ್. "ನೀನು ಡ್ರೈವರ್ ತಾನೇ? ಟ್ಯಾಂಕಿನ ಹತ್ತಿರ ಡೀಸೆಲ್ ಬಂದ್ ಮಾಡಿದ್ರೆ ಗಾಡಿ ಅಲ್ಲೇ ನಿಲ್ಲತ್ತಾ?"

"ಇಲ್ಲ... ಪೈಪಲ್ಲಿ ಇರೋದು ಉರಿದು ಸ್ವಲ್ಪ ದೂರ ಹೋಗತ್ತೆ."

"ಅಷ್ಟೇ. ನಾವು ಬಂದ್ ಮಾಡಿದ್ದು ಮೇಲೆ. ಪೈಪಲ್ಲಿ ಇರೋದು ಖಾಲಿ ಆಗೋಕೆ ತಿಂಗಳುಗಳು ಬೇಕು. ಖಾಲಿ ಆಯ್ತೋ ಇಲ್ವೋ ಅಂತ ಪರೀಕ್ಷೆ ಮಾಡಿಯೇ ಹೇಳಬೇಕು. ನಿನ್ನ ಪೈಪಲ್ಲಿ ಇನ್ನೂ ಇರಬಹುದು. ಇವಳು ಬಸುರಿ ಆಗಿದ್ರೆ ಅದು ನಿನ್ನದೇ ಆಗಿರೋಕೆ ಎಲ್ಲ ಕಾರಣವೂ ಇದೆ."

ತಂಗಿ ಅವನ ಕಡೆ ನೋಡಲಿಲ್ಲ. "ಯಾರದು ಅಂತ ನಿನ್ನೆ ಕೇಳಿದ್ದೆಯಲ್ಲ, ಕೇಳು ಈಗ," ಎಂದಳು. ಅವನು ಕೇಳಲಿಲ್ಲ. ಆದರೆ ಅವನ ಮುಖದಲ್ಲಿ ನಾನು ಒಂದು ನಗು ಕಂಡೆ. ಸಣ್ಣದು, ಮೀಸೆಯ ಕೆಳಗೆ. ನಂದೇ ಅಂತೆ, ನಾನಿನ್ನೂ ಗಟ್ಟಿ ಎನ್ನುವ ನಗು. ಪಕ್ಕದಲ್ಲಿ ಹೆಂಡತಿಯ ಜೀವ ತೂಗಾಡುತ್ತಿದೆ, ಇವನಿಗೆ ನಗು! ಹಿಂದಿನ ಸಂಜೆ ಅವನಾಡಿದ ಮಾತಿಗಿಂತ ಈ ನಗುವಿಗೆ ನನ್ನ ಮೈ ಹೆಚ್ಚು ಉರಿಯಿತು. ಆ ಮಾತನ್ನು ಸಿಟ್ಟಿನಲ್ಲಿ ಅಂದ ಎನ್ನಬಹುದು. ಈ ನಗುವಿಗೆ ಏನು ಹೇಳುತ್ತೀರಿ?

ತಂಗಿ ಎದೆಯೊಳಗಿನಿಂದ ಬಿಳಿ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದಳು. "ಎರಡು ಗೆರೆ ಬಂದಿದೆ ಮೇಡಂ."

ನರ್ಸ್ ಎತ್ತಿ ನೋಡಿದರು. "ಯಾವಾಗ ನೋಡಿದ್ದು ಇದನ್ನ?"

"ನಿನ್ನೆ. ಬೆಳಿಗ್ಗೆ ಇಟ್ಟು ಮಧ್ಯಾಹ್ನ ನೋಡಿದೆ. ಒದ್ದೆಯಲ್ಲಿ ಒಂದೇ ಇತ್ತು. ಪೂರ್ತಿ ಒಣಗಲಿ ಅಂತ ಬಿಟ್ಟೆ."

"ಒಣಗಲಿ ಅಂತ! ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ನಮ್ಮ ಕೆಲಸದಲ್ಲಿ ಹಾಗೇ. ಒಣಗದೆ ಬಣ್ಣ ನೋಡಬಾರದು."

ನರ್ಸ್ ಕುರ್ಚಿಗೆ ಒರಗಿದರು. "ಇದು ನಿಮ್ಮ ಬಟ್ಟೆಯಲ್ಲ ತಾಯಿ. ಇದನ್ನ ಒದ್ದೆ ಇರುವಾಗಲೇ ನೋಡಬೇಕು, ಐದು ನಿಮಿಷದೊಳಗೆ. ಆಮೇಲೆ ಒಣಗುವಾಗ ಬೂದು ಗೆರೆ ಮೂಡತ್ತೆ, ನೀರು ಆರಿದ ಕಲೆ ಅದು. ಅದಕ್ಕೆ ಅರ್ಥವೇ ಇಲ್ಲ. ಚೀಟಿಯಲ್ಲಿ ಬರೆದಿರತ್ತೆ, ಓದಲಿಲ್ವಾ?"

ಚೀಟಿ ಮೆಡಿಕಲ್ ಶಾಪಿನವನ ಬುಟ್ಟಿಯಲ್ಲಿತ್ತು. ನಾನು ಹಲ್ಲು ಕಚ್ಚಿದೆ. ತಂಗಿ ಆ ಪಟ್ಟಿಯನ್ನೇ ನೋಡುತ್ತಿದ್ದಳು. ಅಷ್ಟು ವರ್ಷ ಅವಳನ್ನು ಕೈಬಿಡದ ಕಣ್ಣು, ಅಷ್ಟು ವರ್ಷ ತಪ್ಪದ ರೀತಿ. ಅವಳಿಗೆ ಗೆರೆ ಕಂಡಿದ್ದು ಸುಳ್ಳಲ್ಲ. ಗೆರೆ ಇತ್ತು. ಅದು ಏನನ್ನೂ ಹೇಳುತ್ತಿರಲಿಲ್ಲ, ಅಷ್ಟೇ.

ನರ್ಸ್ ಅಲ್ಲೇ ಇನ್ನೊಂದು ಪರೀಕ್ಷೆ ಮಾಡಿಸಿದರು. ಗಡಿಯಾರ ನೋಡಿ ಹೇಳಿದರು: ಒಂದೇ ಗೆರೆ.

"ಹಾಗಾದ್ರೆ ಇಲ್ಲ?" ನಾನು ಎದ್ದು ನಿಂತಿದ್ದೆ.

"ಕೂತ್ಕೊಳ್ಳಿ. ಇಲ್ಲ ಅಂತ ನಾನು ಹೇಳಲಿಲ್ಲ. ಕೊನೆ ಸಲ ಸೇರಿ ಎರಡೇ ವಾರ ಆಗಿದೆ. ಈಗ ಬರದಿದ್ರೂ ಆಮೇಲೆ ಬರಬಹುದು. ಮೂರು ವಾರ ತುಂಬಿದ ಮೇಲೆ, ಅಂದ್ರೆ ಮುಂದಿನ ವಾರ, ಮತ್ತೆ ನೋಡಬೇಕು. ಆಗಲೂ ಒಂದೇ ಬಂದ್ರೆ ನಿಶ್ಚಿಂತೆ. ಎರಡು ಬಂದ್ರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಹಿಂದೆ ಫಿಟ್ಸ್ ಬಂದಿದ್ದು ಹೇಳಬೇಕು. ಹಾಗೆ ಹೋದ್ರೆ ದಾರಿ ಇದೆ. ಮನೆಯಲ್ಲಿ ಕೂತು ಅಳ್ತಾ ಇದ್ರೆ ಇಲ್ಲ. ಮುಟ್ಟು ತಡವಾಗೋಕೆ ಬಸಿರೊಂದೇ ಕಾರಣ ಅಲ್ಲ. ವಯಸ್ಸು, ಚಿಂತೆ, ಏನು ಬೇಕಾದ್ರೂ ಇರಬಹುದು." ಆಮೇಲೆ ರಿವರ್ಸ್ ಕಡೆ ತಿರುಗಿದರು. "ಸೇರಿದ ಮೂರು ದಿನದೊಳಗೆ, ಹೆಚ್ಚಂದ್ರೆ ಐದು ದಿನದೊಳಗೆ ಬಂದಿದ್ರೆ ಮಾತ್ರೆ ಕೊಡಬಹುದಿತ್ತು. ಈಗ ಆ ಕಾಲ ಮೀರಿತು. ನೀನು ಸುಮ್ಮನೆ ತಲೆಯಾಡಿಸಿದ್ದಕ್ಕೆ ಇವಳು ಒಂದು ವಾರ ಸಾಯಬೇಕು."

ಆ ನರ್ಸಮ್ಮನ ಕಾಲಿಗೆ ಬೀಳಬೇಕು ಅನ್ನಿಸಿತು. ನಾನು ಹೇಳಬೇಕೆಂದಿದ್ದನ್ನು ಅವರು ಹೇಳಿದ್ದರು, ಕಾಲರ್ ಹಿಡಿಯದೆ.

ಹೊರಗೆ ಬಂದ ಕೂಡಲೇ ರಿವರ್ಸ್ ಹೆಂಡತಿಯ ಪಕ್ಕ ಸರಿದ. "ಬಿಡೇ, ಏನೋ ಬಾಯಿ ತಪ್ಪಿ ಅಂದೆ. ಈಗ ಗೊತ್ತಾಯ್ತಲ್ಲ, ನಂದೇ ಇರಬಹುದು ಅಂತ."

ತಂಗಿ ನಿಂತಳು. ಬಸ್ ನಿಲ್ದಾಣದ ಹತ್ತಿರ, ಜನರ ನಡುವೆ.

"ನಿನ್ನದು ಅಂತ ಗೊತ್ತಾಗಿ ನಗ್ತೀಯಲ್ಲ. ಅದು ನಿನ್ನದಾದ್ರೆ ಸಾಯೋದು ಯಾರು? ನಿನ್ನದಲ್ಲ ಅಂದಾಗಲೂ ನಾನು ಸಾಯಬೇಕು, ನಿನ್ನದು ಅಂದ್ರೂ ನಾನೇ ಸಾಯಬೇಕು. ನಿನಗೆ ಮಾತ್ರ ಎರಡರಲ್ಲೂ ಏನೂ ಆಗಲ್ಲ. ಮನೆಗೆ ಬರಬೇಡ. ನಾನೇ ಹೇಳಿ ಕಳಿಸ್ತೀನಿ."

ಆ ವಾರ ಹೇಗೆ ಕಳೆಯಿತು ಎಂದು ಬರೆಯಲು ನನಗೆ ಬರುವುದಿಲ್ಲ. ಅವಳು ಒಂದು ದಿನವೂ ಕೆಲಸ ತಪ್ಪಿಸಲಿಲ್ಲ. ಅಷ್ಟರಲ್ಲಿ ಟೈಲರಮ್ಮ ತನ್ನ ಕೆಲಸ ಮಾಡಿದ್ದಳು. ನಲ್ಲಿಯ ಹತ್ತಿರ ತಂಗಿ ಕೊಡ ಇಟ್ಟರೆ ಮಾತು ನಿಲ್ಲುತ್ತಿತ್ತು. ಶಾಲೆಯಲ್ಲಿ ಯಾರೋ ಮಗಳಿಗೆ, "ನಿಮ್ಮಮ್ಮನಿಗೆ ಪಾಪುವಂತೆ, ನಿಮ್ಮಪ್ಪನದಲ್ಲವಂತೆ" ಎಂದರು. ಹದಿನಾಲ್ಕು ವರ್ಷದ ಹುಡುಗಿ. ಮನೆಗೆ ಬಂದು ಚೀಲ ಎಸೆದು, ತಾಯಿಯನ್ನು ಕೇಳದೆ ನನ್ನನ್ನು ಕೇಳಿದಳು. ನಾನು ಅವಳಿಗೆ ಡೀಸೆಲ್ ಪೈಪಿನ ಕಥೆಯನ್ನೇ ಹೇಳಿದೆ. ಅವಳು ಪೂರ್ತಿ ಕೇಳಿ, "ಅಪ್ಪನಿಗೆ ಇಷ್ಟೂ ಅರ್ಥ ಆಗಲಿಲ್ವಾ ಮಾಮ?" ಎಂದಳು. ಮೇಸ್ತ್ರಿಗೂ ಸುದ್ದಿ ಮುಟ್ಟಿತು. ಆ ಮುದುಕ ಕಿಟಕಿಯ ಕೋಣೆಗೆ ಬರುವುದನ್ನೇ ನಿಲ್ಲಿಸಿ, ಬಟ್ಟೆಯ ತುಂಡುಗಳನ್ನು ಬೇರೆಯವರ ಕೈಯಲ್ಲಿ ಕಳಿಸಲು ಶುರು ಮಾಡಿದರು. ತಂಗಿಯೇ ಎದ್ದು ಹೋಗಿ, ಎಲ್ಲರ ಮುಂದೆ ಅವರ ತೋಳು ಹಿಡಿದು ಕೋಣೆಗೆ ಕರೆತಂದಳು. "ನನಗೆ ಕೆಲಸ ಕಲಿಸಿದೋರು ನೀವು. ಯಾರದ್ದೋ ಬಾಯಿಗೆ ಹೆದರಿ ನೀವು ಹೊರಗೆ ನಿಂತ್ರೆ ನಾನು ಎಲ್ಲಿಗೆ ಹೋಗಲಿ?"

ಮೂರು ವಾರ ತುಂಬಿದ ಬೆಳಿಗ್ಗೆ ನಾನು ಅವಳ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಈ ಸಲ ಡಬ್ಬಿ, ಚೀಟಿ ಎಲ್ಲ ಸಮೇತ ತಂದುಕೊಟ್ಟಿದ್ದೆ. ಅಂಗಡಿಯವನು ಬಿಚ್ಚಲು ಹೋದಾಗ, ಕೈ ಮುರಿಯುತ್ತೇನೆ ಎಂದಿದ್ದೆ. ಒಳಗೆ ಮಗಳು ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ತಂಗಿ ಪಟ್ಟಿ ಹಿಡಿದು ಗೋಡೆ ಗಡಿಯಾರದ ಕೆಳಗೆ ನಿಂತಿದ್ದಳು. ಒಂದು ಗೆರೆ ಬಂತು. ಕಾದಳು. ಇನ್ನೊಂದು ಬರಲಿಲ್ಲ. "ಹೊತ್ತಾಯ್ತಮ್ಮ, ಅಷ್ಟೇ" ಎಂದಳು ಮಗಳು. ತಂಗಿ ಒದ್ದೆ ಪಟ್ಟಿಯನ್ನು ಹಾಗೇ ತೆಗೆದುಕೊಂಡು ಹೋಗಿ ಕಸದ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಮೆಟ್ಟಿಲಿಗೆ ಬಂದು ನನ್ನ ಪಕ್ಕ ಕೂತು ಅತ್ತಳು, ಅಷ್ಟು ದಿನದಲ್ಲಿ ಮೊದಲ ಸಲ. ಅದಾದ ಕೆಲವೇ ದಿನಕ್ಕೆ ಮುಟ್ಟಾದಳು. ನನ್ನ ಹೆಂಡತಿ ಆ ಸುದ್ದಿಯನ್ನು ಪಕ್ಕದ ಗೋಡೆಗೆ ಮುಖ ಮಾಡಿ, ಬೇಕೆಂದೇ ಕೂಗಿ ಹೇಳಿದಳು. ಮಿಷನ್ ನಿಂತಿತು.

ಎಲ್ಲ ಮುಗಿಯಿತಲ್ಲ ಎಂದು ರಿವರ್ಸ್ ಹಣ್ಣಿನ ಚೀಲ ಹಿಡಿದು ಬಂದ. ತಂಗಿ ಹಣ್ಣನ್ನು ಮಗಳಿಗೆ ಕೊಟ್ಟಳು, ಅವನನ್ನು ಒಳಗೆ ಬಿಡಲಿಲ್ಲ. "ಮೊದಲು ಪರೀಕ್ಷೆ ಮಾಡಿಸಿ ಬಾ. ರಿಪೋರ್ಟನ್ನ ಮನೆಗೆ ತರಬೇಡ. ಕಾರ್ಖಾನೆಗೆ ತಾ."

ಮತ್ತೊಂದು ತಿಂಗಳು ಅವನು ವ್ಯಾನಿನಲ್ಲೇ ಮಲಗಿದ. ಪರೀಕ್ಷೆಗೆ ಹೋದ. ಒಂದು ಮಧ್ಯಾಹ್ನ, ಲೋಡಿಂಗ್ ನಡೆಯುವಾಗ, ಕಾಗದ ಹಿಡಿದು ಕಿಟಕಿಯ ಕೋಣೆಯ ಬಾಗಿಲಲ್ಲಿ ನಿಂತ. ನಾನು ಬಾಯ್ಲರ್ ಬಿಟ್ಟು ಬಂದಿದ್ದೆ. ಮೇಸ್ತ್ರಿ ಅಲ್ಲೇ ಇದ್ದರು. ತೊಟ್ಟಿಯ ಕಡೆಯವರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ಖಾಲಿ ಅಂತ ಬಂದಿದೆ," ಎಂದ.

"ಏನು ಖಾಲಿ? ಎಲ್ಲರಿಗೂ ಕೇಳೋ ಹಾಗೆ ಹೇಳು. ಅವತ್ತು ಕೇಳೋ ಹಾಗೇ ಹೇಳಿದ್ದೆಯಲ್ಲ."

ಅವನು ಮೇಸ್ತ್ರಿಯ ಮುಖ ನೋಡಲಾರದೆ ನೆಲ ನೋಡಿದ. "ಅವತ್ತು ನಾನು ಅಂದಿದ್ದು ಸುಳ್ಳು. ತಪ್ಪು ನಂದು. ನರ್ಸ್ ಹೇಳಿದ್ದು ನಾನು ಕೇಳಿಸ್ಕೊಂಡಿರಲಿಲ್ಲ."

ತಂಗಿ ಕಾಗದ ತೆಗೆದುಕೊಂಡಳು. ಓದಲಿಲ್ಲ. ಕಿಟಕಿಯ ಮುಂದೆ ಬಣ್ಣದ ತುಂಡುಗಳನ್ನು ಒಣಗಲು ಹಾಕುವ ತಂತಿ ಇದೆ. ಆ ತಂತಿಗೆ, ಎರಡು ನೀಲಿ ತುಂಡುಗಳ ನಡುವೆ, ಕ್ಲಿಪ್ ಹಾಕಿ ಅದನ್ನು ನೇತುಹಾಕಿದಳು.

"ಇದ್ಯಾಕೆ ಇಲ್ಲಿ? ಒದ್ದೆ ಇಲ್ಲವಲ್ಲೇ," ಎಂದ ಅವನು.

"ಇರಲಿ. ಒಣಗಲಿ. ಆಮೇಲೆ ನೋಡ್ತೀನಿ."

ಹಾಗೆಂದು ಹೇಳಿ, ಮೇಸ್ತ್ರಿಯ ಕೈಯಲ್ಲಿದ್ದ ಹಸಿರು ತುಂಡನ್ನು ತೆಗೆದುಕೊಂಡು, ತಲೆಯನ್ನು ಎಡಕ್ಕೆ ವಾಲಿಸಿ ಬೆಳಕಿಗೆ ಹಿಡಿದಳು. ಆ ಕಾಗದ ಇವತ್ತಿಗೂ ಅಲ್ಲೇ ಇದೆ. ಮೂಲೆಗಳು ಹಬೆಗೆ ಸುರುಟಿಕೊಂಡಿವೆ. ರಿವರ್ಸ್ ಲೋಡ್ ತೆಗೆದುಕೊಳ್ಳಲು ಬಂದಾಗಲೆಲ್ಲ ಅದರ ಕೆಳಗೇ ತಲೆ ಬಗ್ಗಿಸಿ ಹಾದು ಹೋಗಬೇಕು. ಅವನು ಈಗ ಮನೆಯ ಹೊರಕೋಣೆಯವರೆಗೆ ಬಂದಿದ್ದಾನೆ. ಒಳಗೆ ಯಾವಾಗ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ ತಂಗಿ, "ಇನ್ನೂ ಒಣಗಿಲ್ಲ ಅತ್ತಿಗೆ" ಎಂದಳಂತೆ.